ಗದ್ದಲಕ್ಕೊಂದು ಥ್ಯಾಂಕ್ಸ್

ನಮ್ಮ ನಾಟಕದ ಮೊದಲ ಸುತ್ತಿನ ಪ್ರದರ್ಶನಗಳು ಮುಗಿದವು. ಸೌಂಡ್ ಡಿಸೈನ್ ಅಂತ ನನ್ನ ಹೆಸರು ಅಚ್ಚಾಗಿದ್ದು ಇದೇ ಮೊದಲು. ನೋಡಲು ಬಂದವರಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದರು: ಡ್ರಮ್ಮೇ ಇಲ್ಲವಲ್ಲ, ಆ ಲಯ ಎಲ್ಲಿಂದ ಬಂತು? ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಲಾಸ್ ಏಂಜಲೀಸ್‌ನ ಮೂವರಿಗೆ ಥ್ಯಾಂಕ್ಸ್ ಹೇಳಬೇಕು. ಅವರು ಇದನ್ನು ಓದುವುದಿಲ್ಲ ಅಂತ ಗೊತ್ತು. ಪರವಾಗಿಲ್ಲ, ನೀವು ಓದುತ್ತೀರಲ್ಲ.

ಅವರ ತಂಡದ ಹೆಸರು ಕ್ಲಿಪಿಂಗ್. ಹೆಸರಿನ ಕೊನೆಗೆ ಒಂದು ಪೂರ್ಣವಿರಾಮವನ್ನೂ ಸೇರಿಸಿಕೊಂಡಿದ್ದಾರೆ, ಬರೆಯುವವರಿಗೆ ಕಾಟ ಕೊಡಲೆಂದೇ ಇರಬೇಕು. ವಿಲಿಯಂ ಹಟ್ಸನ್ ಮತ್ತು ಜೊನಾಥನ್ ಸ್ನೈಪ್ಸ್ ಸದ್ದು ಕಟ್ಟುತ್ತಾರೆ, ಡವೀಡ್ ಡಿಗ್ಸ್ ರ‍್ಯಾಪ್ ಮಾಡುತ್ತಾರೆ. ಶುರುವಿನಲ್ಲಿ ಹಟ್ಸನ್ ಮತ್ತು ಸ್ನೈಪ್ಸ್ ಇಬ್ಬರೇ ಇದ್ದರು. ಹೆಸರಾಂತ ರ‍್ಯಾಪರ್‌ಗಳ ದನಿಯನ್ನಷ್ಟೇ ತೆಗೆದುಕೊಂಡು ಅದರ ಕೆಳಗೆ ಕರ್ಕಶ ಸದ್ದು ಹಾಕುವುದು ಅವರ ಆಟ. ಡಿಗ್ಸ್ ಸೇರಿದ ಮೇಲೆ ಸ್ವಂತ ಹಾಡುಗಳು ಬಂದವು. 2013ರಲ್ಲಿ ‘ಮಿಡ್‌ಸಿಟಿ’ಯನ್ನು ತಾವೇ ಹೊರತಂದರು. ಮರುವರ್ಷ ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿಯಿಂದ ಮುಂದಿನ ಆಲ್ಬಮ್ ಬಂತು.

ಅದರಲ್ಲಿ ‘ಗೆಟ್ ಅಪ್’ ಅಂತ ಒಂದು ಹಾಡಿದೆ. ಬೆಳಗ್ಗೆ ತಲೆ ಚಿಟ್ಟು ಹಿಡಿಸುವ ಅಲಾರಂ ಇರುತ್ತದಲ್ಲ, ಆ ಬೀಪ್ ಬೀಪ್ ಸದ್ದೇ ಆ ಹಾಡಿನ ಬೀಟ್. ಮೊದಲು ಕೇಳಿದಾಗ ಕೈ ತಾನಾಗಿ ಅದನ್ನು ಆಫ್ ಮಾಡಲು ಹೋಗುತ್ತದೆ. ಆಮೇಲೆ ಡಿಗ್ಸ್ ಮಾತು ಜೋಡಿಸಲು ಶುರು ಮಾಡುತ್ತಾರೆ. ಅವರ ಸಾಲು ಎಲ್ಲಿ ಒತ್ತುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅಂತ ನೋಡುತ್ತಾ ಹೋದ ಹಾಗೆ ಅಲಾರಂ ತಾಳವಾಗಿಬಿಡುತ್ತದೆ. ಬದಲಾಗಿದ್ದು ಅಲಾರಂ ಅಲ್ಲ, ಅದು ಮೊದಲಿನಂತೆಯೇ ಬಡಿದುಕೊಳ್ಳುತ್ತಿದೆ. ಲಯವನ್ನು ಹೊತ್ತಿರುವುದು ದನಿ.

ನಾನು ಕದ್ದಿದ್ದು ಇದನ್ನೇ. ನಮ್ಮ ನಾಟಕ ಕಾರ್ಖಾನೆಯೊಂದರ ರಾತ್ರಿ ಪಾಳಿಯದು. ಶಟರ್ ಎಳೆಯುವ ಸದ್ದು, ಸವೆದ ಫ್ಯಾನು, ಕಬ್ಬಿಣದ ಪೈಪು ಉರುಳುವುದು, ಇಷ್ಟನ್ನೇ ರೆಕಾರ್ಡ್ ಮಾಡಿಕೊಂಡೆ. ಅವುಗಳ ನಡುವೆ ಬೇಕಾದಷ್ಟು ಜಾಗ ಬಿಟ್ಟೆ. ಆ ಜಾಗ ತುಂಬಿಸಿದವರು ನಟರು. ರಿಹರ್ಸಲ್‌ನಲ್ಲಿ ಸವೆದ ಫ್ಯಾನಿನ ಲೂಪಿಗೆ, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ಅದೇ ಸದ್ದಿನ ತುಣುಕಿಗೆ, ಸರಿಯಾಗಿ ತಮ್ಮ ಮಾತಿನ ವೇಗವನ್ನೇ ಬದಲಿಸಿಕೊಂಡ ಅವರಿಗೆ ದೊಡ್ಡ ನಮಸ್ಕಾರ.

ಕ್ಲಿಪಿಂಗ್ ಹಾಕಿಕೊಂಡ ಇನ್ನೊಂದು ನಿಯಮವೂ ಇದೆ. ಡಿಗ್ಸ್ ಬರೆಯುವ ಸಾಲುಗಳಲ್ಲಿ ‘ನಾನು’ ಬರಬಾರದು. ರ‍್ಯಾಪ್‌ನಲ್ಲಿ ‘ನಾನು’ ಇಲ್ಲ ಅಂದರೆ ಉಳಿದಿದ್ದೇನು ಅಂತ ಕೇಳಬಹುದು. ಉಳಿದವರೆಲ್ಲ ಇದ್ದಾರೆ! ಓಡುತ್ತಿರುವವನು, ಬಾಗಿಲು ಹಾಕಿಕೊಂಡು ಕೂತವಳು, ಬೀದಿಯಲ್ಲಿ ಬಿದ್ದವನು. ಏನಾಯಿತು ಅಂತ ಡಿಗ್ಸ್ ಹೇಳುತ್ತಾರೆ, ಅಳುವುದು ಬಿಡುವುದು ನಮಗೆ ಬಿಟ್ಟಿದ್ದು. ನಮ್ಮ ನಾಟಕದ ದುಃಖದ ಜಾಗಕ್ಕೆ ಪಿಟೀಲು ಹಾಕು ಅಂದವರಿದ್ದರು. ಹಾಕಲಿಲ್ಲ. ಡೈರೆಕ್ಟರ್ ಮೇಡಂ ನನ್ನ ಪರ ನಿಂತರು. ಅವರಿಗೂ ಥ್ಯಾಂಕ್ಸ್.

2016ರ ಜೂನ್‌ನಲ್ಲಿ ಬ್ರಾಡ್‌ವೇ ನಾಟಕ ‘ಹ್ಯಾಮಿಲ್ಟನ್’ಗಾಗಿ ಡಿಗ್ಸ್‌ಗೆ ಟೋನಿ ಪ್ರಶಸ್ತಿ ಬಂತು. ಬೇರೆಯವರಾಗಿದ್ದರೆ ಆಮೇಲೆ ಮೆತ್ತಗಿನ, ರೇಡಿಯೊಗೆ ಒಗ್ಗುವ ಆಲ್ಬಮ್ ಮಾಡುತ್ತಿದ್ದರೇನೋ. ಇವರು ಸೆಪ್ಟೆಂಬರ್‌ನಲ್ಲಿ ತಂದಿದ್ದು ‘ಸ್ಪ್ಲೆಂಡರ್ ಆಂಡ್ ಮಿಸರಿ’. ಅಂತರಿಕ್ಷ ನೌಕೆಯೊಂದರಲ್ಲಿ ಗುಲಾಮರು ದಂಗೆ ಏಳುತ್ತಾರೆ, ಒಬ್ಬ ಮಾತ್ರ ಉಳಿಯುತ್ತಾನೆ, ನೌಕೆಯ ಕಂಪ್ಯೂಟರಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಗೆ 2017ರಲ್ಲಿ ಅದು ನಾಮನಿರ್ದೇಶನಗೊಂಡಿತು. ಮರುವರ್ಷ ಅವರ ‘ದಿ ಡೀಪ್’ ಹಾಡು ಕೂಡ. ಗುಲಾಮರ ಹಡಗುಗಳಿಂದ ಸಮುದ್ರಕ್ಕೆ ಎಸೆಯಲ್ಪಟ್ಟ ಬಸುರಿ ಹೆಂಗಸರ ಮಕ್ಕಳು ನೀರಿನಡಿಯಲ್ಲೇ ಬದುಕು ಕಟ್ಟಿಕೊಳ್ಳುವ ಕಥೆ ಅದು. ಮೂಲ ಕಲ್ಪನೆ ಡೆಟ್ರಾಯ್ಟ್‌ನ ಡ್ರೆಕ್ಸಿಯಾ ಎಂಬ ಟೆಕ್ನೊ (ಎಲೆಕ್ಟ್ರಾನಿಕ್ ನೃತ್ಯ ಸಂಗೀತ) ಜೋಡಿಯದು. ರಿವರ್ಸ್ ಸೊಲೊಮನ್ 2019ರಲ್ಲಿ ಅದನ್ನು ಕಿರುಕಾದಂಬರಿಯಾಗಿ ಬೆಳೆಸಿದರು. ಟೆಕ್ನೊದಿಂದ ರ‍್ಯಾಪ್‌ಗೆ, ಅಲ್ಲಿಂದ ಪುಸ್ತಕಕ್ಕೆ. ಹಾಗಿರುವಾಗ ನಾನು ನಾಟಕಕ್ಕೆ ಒಂಚೂರು ಕದ್ದರೆ ಬೇಜಾರಾಗಲಾರರು, ಅಲ್ವಾ?

2019 ಮತ್ತು 2020ರಲ್ಲಿ ಬಂದ ಎರಡು ಹಾರರ್ ಆಲ್ಬಮ್‌ಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ, ರಕ್ತ ಸ್ವಲ್ಪ ಜಾಸ್ತಿ. ಆದರೆ ಮೊದಲನೆಯದರ ಕೊನೆಗೆ ಒಂದು ಪಿಯಾನೊ ಸುಟ್ಟುಹೋಗುವ ಸದ್ದು ಇದೆ, ಹದಿನೆಂಟು ನಿಮಿಷ. ಸಂಗೀತ ಸಂಯೋಜಕಿ ಆನಿಯಾ ಲಾಕ್‌ವುಡ್ 1968ರಲ್ಲಿ ಯೋಚಿಸಿದ ಕೃತಿಯನ್ನು ಇವರು ಮತ್ತೆ ಮಾಡಿದ್ದು. ತಂತಿ ಬಿಟ್ಟುಕೊಳ್ಳುವುದು, ಮರ ಚಟಪಟ ಅನ್ನುವುದು, ಅಷ್ಟೇ. ಕೆಲಸ ಮಾಡುತ್ತಿದ್ದ ಸ್ಟುಡಿಯೊ ಮುಚ್ಚಿ ಸುಮ್ನೆ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ನಾನು ಅದನ್ನು ಪೂರ್ತಿ ಕೇಳುತ್ತಿದ್ದೆ. ಬೇರೆ ಯಾವ ಹಾಡೂ ಬೇಡವಾಗಿತ್ತು. ಪಕ್ಕದ ಕೋಣೆಯಿಂದ “ಏನೋ ಅದು, ಮನೆಗೆ ಬೆಂಕಿ ಬಿತ್ತಾ?” ಅಂತ ಕೇಳಿದ ಅಕ್ಕ, ಕೆಲವು ದಿನಗಳ ನಂತರ ತಾನೇ ಒಂದು ರೆಕಾರ್ಡರ್ ತಂದುಕೊಟ್ಟಳು. ಈ ನಾಟಕದ ಎಲ್ಲ ಸದ್ದೂ ಅದರಲ್ಲೇ ಹಿಡಿದದ್ದು. ಅಕ್ಕಾ, ನಿನಗೆ ಎಷ್ಟು ಹೇಳಿದರೂ ಸಾಲದು. ಕ್ಲಿಪಿಂಗ್ ಹಾಡುಗಳನ್ನು ಮೊದಲು ಕಳಿಸಿ, ನಾನು ಬೈದರೂ ಬಿಡದೆ ಕಳಿಸುತ್ತಲೇ ಇದ್ದ ಗೆಳೆಯನಿಗೂ ಇದರಲ್ಲಿ ಪಾಲಿದೆ.

ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ಕೇಳಿದವರಿಗೆ: ‘ದಿ ಡೀಪ್’ನಿಂದ. ಹೋಗುತ್ತಾ ಹೋಗುತ್ತಾ ಅದರ ವೇಗ ಏರುತ್ತದೆ, ಗಮನಿಸಿ. 2025ರಲ್ಲಿ ಬಂದ ‘ಡೆಡ್ ಚಾನೆಲ್ ಸ್ಕೈ’ ಆಮೇಲೆ ಕೇಳಬಹುದು. ‘ಮಿಡ್‌ಸಿಟಿ’ ಹಾಕುವ ಮುಂಚೆ ಮಾತ್ರ ಹೆಡ್‌ಫೋನಿನ ವಾಲ್ಯೂಮ್ ಇಳಿಸಿಕೊಳ್ಳಿ. ಅದು ಶುರುವಾಗುವುದೇ ಕಿವಿ ಸೀಳುವ ಫೀಡ್‌ಬ್ಯಾಕ್‌ನಿಂದ, ಮೈಕು ಸ್ಪೀಕರಿನ ಹತ್ತಿರ ಹೋದಾಗ ಕೀರಲುತ್ತದಲ್ಲ, ಆ ಸದ್ದು.