ಮಲಕ್ಕಾ ಕಾವಲಿಗೆ ಭಾರತ ಹೋಗಲಿ, ಯಜಮಾನಿಕೆಗಲ್ಲ

ಮಾನ್ಯರೇ,

ಇಂಡೊನೇಷ್ಯಾ, ಮಲೇಷ್ಯಾಗಳ ನಡುವಿನ ಕಿರಿದಾದ ಹಡಗುದಾರಿಯಾದ ಮಲಕ್ಕಾ ಜಲಸಂಧಿಯ ಗಸ್ತಿನಲ್ಲಿ ಭಾರತ ತೋರಿದ ಆಸಕ್ತಿಯನ್ನು ಸಿಂಗಪುರ ಮೆಚ್ಚುಗೆಯಿಂದ ಗುರುತಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ, ಪ್ರಧಾನಿ ಲಾರೆನ್ಸ್ ವಾಂಗ್ ದೆಹಲಿಗೆ ಬಂದಿದ್ದಾಗ. ಈ ವಿಷಯ ಪ್ರಸ್ತಾಪವಾದಾಗಲೆಲ್ಲ ಚೀನಾಕ್ಕೆ ತಿರುಗೇಟು, ನಮ್ಮ ಯುದ್ಧನೌಕೆಗಳ ಪರಾಕ್ರಮ ಎಂಬ ಮಾತುಗಳೇ ಮುಂದಾಗುತ್ತವೆ. ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದ ನನಗೆ ಇದು ಕಳವಳ ತರುತ್ತದೆ. ಅಲ್ಲಿ ಹಾದುಹೋಗುವ ನಾವಿಕನಿಗೆ ಬೇಕಾದ ರಕ್ಷಣೆಯೇ ಬೇರೆ.

ಮಲಕ್ಕಾ ದಾರಿ ಸಿಂಗಪುರ ಜಲಸಂಧಿಯನ್ನು ಕೂಡುವಲ್ಲಿ, ಸಿಂಗಪುರದ ದಕ್ಷಿಣಕ್ಕಿರುವ ಫಿಲಿಪ್ ಚಾನೆಲ್‌ನಲ್ಲಿ ದಾರಿ ಮೂರು ಕಿಲೋಮೀಟರಿಗಿಂತ ಕಿರಿದು. ಅದಿರು, ಧಾನ್ಯದಂಥ ಬಿಡಿ ಸರಕನ್ನು ಮೈತುಂಬ ಹೊತ್ತ ಬಲ್ಕ್ ಕ್ಯಾರಿಯರ್ ಹಡಗು ಅಲ್ಲಿ ನಿಧಾನವಾಗಿ ಸಾಗಬೇಕು. ಅದರ ಡೆಕ್ಕು ನೀರಿಗೆ ಹತ್ತಿರವೂ ಇರುತ್ತದೆ. ಕತ್ತಲಲ್ಲಿ ಸಣ್ಣ ದೋಣಿಯೊಂದು ಹಿಂಬದಿಯಿಂದ ಬಂದು ಅಂಟಿಕೊಳ್ಳುತ್ತದೆ. ನಾಲ್ಕೈದು ಜನ ಚೂರಿ ಹಿಡಿದು ಹತ್ತುತ್ತಾರೆ. ಅವರಿಗೆ ಹಡಗು ಬೇಡ, ಸರಕೂ ಬೇಡ. ನೇರ ಎಂಜಿನ್ ರೂಮಿಗೆ ಇಳಿದು ಜನರೇಟರ್‌ನ ಬಿಡಿಭಾಗಗಳನ್ನು ಚೀಲಕ್ಕೆ ತುಂಬಿಕೊಂಡು ಮಾಯವಾಗುತ್ತಾರೆ. ಆ ಹೊತ್ತಿನಲ್ಲಿ ಕೆಳಗೆ ಪಾಳಿಯಲ್ಲಿರುವವರು ಇಬ್ಬರೋ ಮೂವರೋ. ನಾನಿದ್ದ ಹಡಗೊಂದರಲ್ಲಿ ಆಯಿಲರ್ (ಯಂತ್ರಗಳಿಗೆ ಎಣ್ಣೆ ಹಾಕುವ) ಹುಡುಗನ ಎರಡೂ ಕೈಗಳನ್ನು ಪೈಪಿಗೆ ಬಿಗಿದು ಹೋಗಿದ್ದರು. ಹಗ್ಗ ಬಿಚ್ಚಿದ ಮೇಲೂ ಅವನಿಗೆ ಬಿಗಿಹಿಡಿದ ಮುಷ್ಟಿ ಸಡಿಲಿಸಲಾಗಲಿಲ್ಲ. ಕಳವಾದ ಬೇರಿಂಗ್‌ಗಳ ಪಟ್ಟಿ ಅಂದೇ ಕಂಪನಿಗೆ ಹೋಯಿತು. ಆ ಹುಡುಗ ಹೇಗಿದ್ದಾನೆಂದು ದಡದಿಂದ ಯಾರೂ ವಿಚಾರಿಸಲಿಲ್ಲ.

ಕಡಲ ಕಾನೂನಿನಂತೆ, ತೆರೆದ ಸಮುದ್ರದಲ್ಲಿ ಕಡಲ್ಗಳ್ಳರನ್ನು ಯಾವ ದೇಶದ ನೌಕಾಪಡೆಯಾದರೂ ಹಿಡಿಯಬಹುದು. 2024ರ ಮಾರ್ಚ್‌ನಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಕೋಲ್ಕತ್ತ, ಅಪಹೃತವಾಗಿದ್ದ ಎಂವಿ ರುಯೆನ್ ಸರಕು ಹಡಗಿನಲ್ಲಿದ್ದ 35 ಸೊಮಾಲಿ ಕಳ್ಳರನ್ನು ಮಣಿಸಿ 17 ಸಿಬ್ಬಂದಿಯನ್ನು ಬಿಡಿಸಿತು. ಆ ಸುದ್ದಿ ಕೇಳಿ ನನ್ನ ಎದೆ ಉಬ್ಬಿತ್ತು. ಆದರೆ ಫಿಲಿಪ್ ಚಾನೆಲ್‌ನಲ್ಲಿ ಅದು ಸಾಧ್ಯವಿಲ್ಲ. ಕರಾವಳಿ ರಾಷ್ಟ್ರದ ಸ್ವಂತ ಜಲವ್ಯಾಪ್ತಿಯಲ್ಲಿ ಕಳ್ಳನನ್ನು ಹಿಡಿಯುವ ಅಧಿಕಾರ ಆ ರಾಷ್ಟ್ರದ್ದೇ. ದೋಣಿ ಗಡಿ ದಾಟಿ ಪಕ್ಕದವರ ನೀರಿಗೆ ಸೇರಿತೆಂದರೆ ಬೆನ್ನಟ್ಟಿ ಬಂದವರೂ ಅಲ್ಲೇ ನಿಲ್ಲಬೇಕಾಗುತ್ತದೆ.

ಇಂಥಲ್ಲಿಯೂ ಸಹಕಾರ ಕೂಡಿಬಂದ ಬಗೆಯನ್ನು ನಮ್ಮವರು ಗಮನಿಸಬೇಕು. 2004ರಲ್ಲಿ ಇಂಡೊನೇಷ್ಯಾ, ಮಲೇಷ್ಯಾ ಮತ್ತು ಸಿಂಗಪುರ ಒಟ್ಟಾಗಿ ಗಸ್ತು ಆರಂಭಿಸಿದಾಗ, ಪೆಡ್ರಾ ಬ್ರಾಂಕಾ ಎಂಬ ಬಂಡೆದ್ವೀಪ ಯಾರದ್ದೆಂದು ಮಲೇಷ್ಯಾ, ಸಿಂಗಪುರಗಳ ನಡುವೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಿತ್ತು. ತೀರ್ಪು ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ಅವರು ಕೈಕಟ್ಟಿ ಕೂರಲಿಲ್ಲ. ಪ್ರತಿಯೊಬ್ಬರೂ ತಮ್ಮ ನೀರಿನಲ್ಲೇ ಗಸ್ತು ತಿರುಗಬೇಕು, ಕಂಡದ್ದನ್ನು ಕೂಡಲೇ ಪಕ್ಕದವರಿಗೆ ತಿಳಿಸಬೇಕು ಎಂಬಲ್ಲಿಗೆ ಒಪ್ಪಿಕೊಂಡರು. ಮರುವರ್ಷ ವಿಮಾನ ಗಸ್ತು ಸೇರಿತು. ಒಂದು ದೇಶದ ವಿಮಾನದಲ್ಲಿ ಇನ್ನೊಂದು ದೇಶದ ಅಧಿಕಾರಿಯೂ ಕುಳಿತು ಕಾವಲು ಕಾಯುವ ವ್ಯವಸ್ಥೆ ಅದು. 2005ರ ಜೂನ್‌ನಲ್ಲಿ ಮಲಕ್ಕಾವನ್ನು ಯುದ್ಧಾಪಾಯದ (ಹಡಗಿಗೆ ಹೆಚ್ಚುವರಿ ವಿಮಾ ಕಂತು ಬೀಳಬಹುದಾದ) ಪಟ್ಟಿಗೆ ಸೇರಿಸಿದ್ದ ಲಂಡನ್ನಿನ ವಿಮಾ ಸಮಿತಿ 2006ರ ಆಗಸ್ಟ್‌ನಲ್ಲಿ ಆ ಹೆಸರನ್ನು ಕೈಬಿಟ್ಟಿತು. 2008ರಲ್ಲಿ ಥಾಯ್ಲೆಂಡ್ ಕೂಡ ಸೇರಿಕೊಂಡಿತು. ಇದೇ ದೇಶಗಳು, ಮಲೇಷ್ಯಾ ಮತ್ತು ಇಂಡೊನೇಷ್ಯಾ, ಅಮೆರಿಕದ ಪಡೆಗಳು ಕಾವಲಿಗೆ ಬರುವ ಮಾತು 2004ರಲ್ಲಿ ಎದ್ದಾಗ ಖಡಾಖಂಡಿತವಾಗಿ ವಿರೋಧಿಸಿದ್ದವು. ನಾವು ಯುದ್ಧನೌಕೆ ಮುಂದೆ ಮಾಡಿ ಹೋದರೆ ಬೇರೆ ಉತ್ತರ ಸಿಗುತ್ತದೆಯೇ?

2025ರ ಮೊದಲಾರ್ಧದಲ್ಲಿ ಸಿಂಗಪುರ ಜಲಸಂಧಿಯ ದರೋಡೆಗಳು ಮತ್ತೆ ಏರಿದ್ದವು. ಜುಲೈನಲ್ಲಿ ಇಂಡೊನೇಷ್ಯಾದ ಜಲ ಪೊಲೀಸರು ಕಳ್ಳರ ತಂಡಗಳನ್ನು ಬಂಧಿಸಿದ ಮೇಲೆ ಇಳಿದವು. ಕಳ್ಳರ ಊರು, ಅವರು ಮಾಲು ಮಾರುವ ಅಂಗಡಿ ಗೊತ್ತಿರುವುದು ಅಲ್ಲಿನ ಪೊಲೀಸರಿಗೇ ಹೊರತು ದೂರದಿಂದ ಬಂದ ಯುದ್ಧನೌಕೆಗಲ್ಲ. ನಾವು ಕೊಡಬಹುದಾದದ್ದೂ ಬಹಳವಿದೆ. ಇಂಡೊನೇಷ್ಯಾದೊಂದಿಗೆ 2002ರಿಂದ, ಥಾಯ್ಲೆಂಡ್‌ನೊಂದಿಗೆ 2005ರಿಂದ ನಮ್ಮ ನೌಕಾಪಡೆ ಅಂಡಮಾನ್ ಕಡೆಯಲ್ಲಿ ಜಂಟಿ ಗಸ್ತು ನಡೆಸುತ್ತ ಬಂದಿದೆ. ಆ ನಂಬಿಕೆ ದೊಡ್ಡದು. ಗುರುಗ್ರಾಮದಲ್ಲಿ 2018ರಿಂದ ಇರುವ ಕಡಲ ಮಾಹಿತಿ ಕೇಂದ್ರ ತನ್ನ ಕಣ್ಣಿಗೆ ಬಿದ್ದದ್ದನ್ನು ಸಿಂಗಪುರದ ಚಾಂಗಿಯಲ್ಲಿರುವ ಅಂಥದ್ದೇ ಕೇಂದ್ರಕ್ಕೆ ತಡವಿಲ್ಲದೆ ತಲುಪಿಸಲಿ. ಅವರು ಕೇಳಿದರೆ ವಿಮಾನ ಕೊಡೋಣ, ಅವರ ಅಧಿಕಾರಿಯನ್ನೂ ಅದರಲ್ಲಿ ಕೂರಿಸಿಕೊಳ್ಳೋಣ.

ಇಂಡೊನೇಷ್ಯಾ, ಮಲೇಷ್ಯಾಗಳಿಂದ ನವಮಂಗಳೂರು ಬಂದರಿಗೆ ತಾಳೆ ಎಣ್ಣೆ ಬರುತ್ತದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಆ ದಾರಿಯ ಹಡಗುಗಳಲ್ಲಿದ್ದಾರೆ. ಹಾಗಾಗಿ ನಮ್ಮ ಸಂಸದರು ಸಂಸತ್ತಿನಲ್ಲಿ ಎರಡು ಪ್ರಶ್ನೆ ಕೇಳಬೇಕು: ಮಲಕ್ಕಾ ಮಾತುಕತೆಯಲ್ಲಿ ಭಾರತ ಯಾವ ಪಾತ್ರ ಕೇಳುತ್ತಿದೆ? ದರೋಡೆಗೆ ಸಿಕ್ಕಿದ ಭಾರತೀಯ ನಾವಿಕನನ್ನು ಮುಂದಿನ ಬಂದರಿನಲ್ಲಿ ಭೇಟಿಯಾಗಿ ವಿಚಾರಿಸುವ ಹೊಣೆ ಯಾರದು?

— ನಿವೃತ್ತ ಮರೀನ್ ಎಂಜಿನಿಯರ್, ಕುಂದಾಪುರ