ಕಳ್ಳನಿಗೆ ಹೊಡೆದರೆ ಜೈಲು ಅನ್ನೋರಿಗೆ

ಸಂಪಾದಕರೇ,

ಮನೆಗೆ ಕಳ್ಳ ನುಗ್ಗಿದ ಸುದ್ದಿ ಬಂದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಅದೇ ರಾಗ ಶುರು. ಅಮೆರಿಕದಲ್ಲಾದ್ರೆ ಗುಂಡು ಹೊಡೆದು ಬಿಸಾಕಬಹುದು, ನಮ್ಮಲ್ಲಿ ಕಳ್ಳನನ್ನು ಮುಟ್ಟಿದವನೇ ಒಳಗೆ ಹೋಗ್ತಾನೆ ಅಂತ. ಮೊದಲನೆಯದಾಗಿ, ಅಮೆರಿಕಕ್ಕೆಲ್ಲ ಒಂದೇ ಕಾನೂನಿಲ್ಲ. ಫ್ಲಾರಿಡಾದಲ್ಲಿ 2005ರಿಂದ, ಪ್ರಾಣಕ್ಕೆ ಅಪಾಯ ಬಂದರೆ ಬೀದಿಯಲ್ಲೂ ಹಿಂದೆ ಸರಿಯಬೇಕಿಲ್ಲ, ನಿಂತು ಎದುರಿಸಬಹುದು. ನ್ಯೂಯಾರ್ಕ್‌ನಲ್ಲಿ ಮನೆಯ ಹೊರಗಿದ್ದಾಗ ಸುರಕ್ಷಿತವಾಗಿ ತಪ್ಪಿಸಿಕೊಳ್ಳುವ ದಾರಿ ಇದ್ದರೆ, ಪ್ರಾಣ ತೆಗೆಯುವಂಥ ಏಟು ಹಾಕುವಂತಿಲ್ಲ.

ಇನ್ನು ಈ ಆತ್ಮರಕ್ಷಣೆ ಕಾನೂನಿನ ತವರು ಇಂಗ್ಲೆಂಡ್ ನೋಡಿ. 1999ರಲ್ಲಿ ನಾರ್ಫೋಕ್‌ನ ರೈತ ಟೋನಿ ಮಾರ್ಟಿನ್, ರಾತ್ರಿ ಮನೆಗೆ ನುಗ್ಗಿದ ಕಳ್ಳರ ಮೇಲೆ ಗುಂಡು ಹಾರಿಸಿದ. ಬೆನ್ನಿಗೆ ಗುಂಡು ಬಿದ್ದು 16 ವರ್ಷದ ಹುಡುಗನೊಬ್ಬ ಸತ್ತ. ರೈತನಿಗೆ ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆ! ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು ನಿಜ, ಆದರೆ ಅವನ ಮಾನಸಿಕ ಸ್ಥಿತಿ ಸರಿಯಿರಲಿಲ್ಲ ಅನ್ನೋ ಕಾರಣಕ್ಕೆ, ಆತ್ಮರಕ್ಷಣೆ ಅಂತ ಒಪ್ಪಿ ಅಲ್ಲ. ಅಲ್ಲಿ ಆತ್ಮರಕ್ಷಣೆಯ ಮಿತಿ ಮೀರಿ ಕೊಂದರೆ, ಮಿತಿ ಮೀರಿದ್ದಕ್ಕೆ ಅಂತ ಬೇರೆ ರಿಯಾಯಿತಿ ಇಲ್ಲ. 2013ರಲ್ಲಿ ನುಗ್ಗಿದವರನ್ನು ಎದುರಿಸುವ ಮನೆಯವರಿಗೆ ಸ್ವಲ್ಪ ಸಡಿಲ ಕೊಟ್ಟರು, ಅಷ್ಟೇ.

ನಮ್ಮಲ್ಲಿ? ನಮ್ಮ ಹಳೆಯ ಅಪರಾಧ ಕಾನೂನಾದ ಇಂಡಿಯನ್ ಪೀನಲ್ ಕೋಡ್‌ನ ಕರಡು ಬರೆಯುವಾಗಲೇ ಬ್ರಿಟಿಷ್ ಅಧಿಕಾರಿ ಮೆಕಾಲೆ ಆತ್ಮರಕ್ಷಣೆಯ ಹಕ್ಕನ್ನು ಧಾರಾಳವಾಗಿ ಕೊಡಬೇಕು ಅಂದುಕೊಂಡಿದ್ದ. ಅದೇ ಈಗ ಆ ಕೋಡ್‌ನ ಜಾಗಕ್ಕೆ ಬಂದಿರುವ ನ್ಯಾಯ ಸಂಹಿತೆಗೂ ಬಂದಿದೆ. ಸೂರ್ಯ ಮುಳುಗಿ ಮತ್ತೆ ಹುಟ್ಟುವವರೆಗಿನ ಹೊತ್ತಿನಲ್ಲಿ ಮನೆ ಒಡೆದು ನುಗ್ಗಿದವನ ವಿರುದ್ಧ ಈ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಅಂದ್ರೆ ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಬಡಿಯಬಹುದು ಅಂತಲ್ಲ. ಅಗತ್ಯಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ, ಪೊಲೀಸರನ್ನು ಕರೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಆದರೂ ಯಾವ ಪೂರ್ವಯೋಜನೆಯೂ ಇಲ್ಲದೆ, ಒಳ್ಳೆಯ ನಂಬಿಕೆಯಿಂದ ರಕ್ಷಿಸಿಕೊಳ್ಳಲು ಹೋಗಿ ಮಿತಿ ಮೀರಿ ಕೊಂದರೂ, ಅದು ಕೊಲೆ ಅನ್ನಿಸಿಕೊಳ್ಳದೆ ಅದಕ್ಕಿಂತ ಕೆಳಗಿನ ಅಪರಾಧಕ್ಕೆ ಇಳಿಯುತ್ತದೆ. ಕಾನೂನು ಪಾಲಿಸುವವನು ಹೇಡಿಯಾಗಬೇಕಿಲ್ಲ ಅಂತ 2010ರ ದರ್ಶನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

 

ಹಾಗಾದ್ರೆ ಬೈಯೋಕೆ ನಮ್ಮಲ್ಲಿ ಏನೂ ಇಲ್ವಾ? ಇದೆ, ಆದರೆ ಬೇರೆ ಕಡೆ. ಇಂಗ್ಲೆಂಡ್‌ನಲ್ಲಿ ಆತ್ಮರಕ್ಷಣೆಗಾಗಿ ಹೊಡೆದೆ ಅಂತ ಆರೋಪಿ ಒಂದಿಷ್ಟು ಆಧಾರ ಮುಂದಿಟ್ಟರೆ, ಅದು ಸುಳ್ಳು ಅಂತ ಸಾಬೀತು ಮಾಡೋದು ಪ್ರಾಸಿಕ್ಯೂಷನ್, ಅಂದ್ರೆ ಕೇಸು ನಡೆಸುವ ಸರ್ಕಾರಿ ಪಕ್ಷದ ಕೆಲಸ. ನಮ್ಮಲ್ಲಿ ಆತ್ಮರಕ್ಷಣೆಗೇ ಹೊಡೆದೆ ಅಂತ ತೋರಿಸುವ ಹೊರೆ ಆರೋಪಿಯ ತಲೆ ಮೇಲೆ. ಸಂಶಯಕ್ಕೆ ಎಡೆಯೇ ಇಲ್ಲದಂತೆ ತೋರಿಸಬೇಕಿಲ್ಲ, ಇರಬಹುದು ಅನ್ನಿಸುವಷ್ಟಾದರೆ ಸಾಕು, ಅದೂ ಎದುರು ಪಕ್ಷದ ಸಾಕ್ಷಿಯ ಬಾಯಿಂದಲೇ ಬಂದರೂ ನಡೆಯುತ್ತೆ. ಆದರೂ ರಾತ್ರಿ ಎರಡು ಗಂಟೆಗೆ ಒಬ್ಬನೇ ಇದ್ದವನು ಸಾಕ್ಷಿ ಎಲ್ಲಿಂದ ತರ್ತಾನೆ? 2024ರ ಜುಲೈ 1ಕ್ಕೆ ಹೊಸ ಸಾಕ್ಷ್ಯ ಕಾನೂನು ಬಂದಾಗ ಇದನ್ನು ಬದಲಾಯಿಸಬಹುದಿತ್ತು. ಈ ಹೊರೆ ಹೊರಿಸುವ ಸೆಕ್ಷನ್‌ನ ನಂಬರ್ 105 ಇದ್ದದ್ದು 108 ಆಯಿತು, ಅಷ್ಟೇ.

– ನಿಮ್ಮ ಓದುಗ, ತುಮಕೂರು