ಅರ್ಥ ಹೇಳುವ ಮುನ್ನ ಊಹಿಸಲು ಬಿಡಿ

ಮಾನ್ಯರೇ,

ಪಾಠದ ಹೊಸ ಪದಗಳಿಗೆಲ್ಲ ಮೊದಲೇ ಅರ್ಥ ಬರೆಸಿ ಬಾಯಿಪಾಠ ಮಾಡಿಸುವ ರೂಢಿ ಮಕ್ಕಳ ಓದಿಗೆ ಅಡ್ಡಿಯಾಗುತ್ತಿದೆ. ‘ಮಳೆಯೇ ಬರಲಿಲ್ಲ. ಕೆರೆ ಬತ್ತಿತು, ಮೀನುಗಳು ಸತ್ತವು’ ಎಂಬ ಸಾಲು ನೋಡಿ. ‘ಬತ್ತಿತು’ ಗೊತ್ತಿಲ್ಲದ ಮಗುವಿಗೂ ಬಾರದ ಮಳೆ, ಸತ್ತ ಮೀನು ಸುಳಿವು ಕೊಡುತ್ತವೆ. ಮುಂದೆ ಒಬ್ಬರೇ ಕುಳಿತು ಓದುವಾಗ ಅರ್ಥ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ ಅಲ್ವಾ?

ಹಾಗಂತ ಸುಮ್ನೆ ‘ಊಹಿಸು’ ಎಂದರೂ ಆಗದು. ನೂರಕ್ಕೆ 95 ಪದಗಳಾದರೂ ಗೊತ್ತಿದ್ದರೆ ಊಹೆ ಕೈಗೂಡುತ್ತದೆ ಎನ್ನುತ್ತಾರೆ, ಪದಕಲಿಕೆಯ ಸಂಶೋಧಕ ಪಾಲ್ ನೇಷನ್. ಹಾಗಾಗಿ ಶಿಕ್ಷಕರು ಮಕ್ಕಳ ಮಟ್ಟಕ್ಕೆ ತಕ್ಕ ಬರಹ ಆರಿಸಿ, ಹಿಂದಿನ ಮುಂದಿನ ಸಾಲು ಓದಿಸಿ, ‘ಯಾಕೆ ಹಾಗನ್ನಿಸಿತು?’ ಎಂದು ಕೇಳಲಿ. ನಿಘಂಟು ತೆಗೆಸುವುದು ಆಮೇಲೆ, ಊಹೆ ಸರಿಯೇ ಎಂದು ನೋಡಲು.